ಕಣ್ಣಲ್ಲಿ ಹರಿದಾಡಿದ ಹುಳ: ಮಾತ್ರೆಗಿಂತ ಮುಂಚೆ ಮಧ್ಯಾಹ್ನದ ರಕ್ತ

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು. ನನ್ನ ತಮ್ಮ (34 ವರ್ಷ, 60 ಕೆ.ಜಿ.) ಆಫ್ರಿಕಾದ ಗ್ಯಾಬೊನ್‌ನಲ್ಲಿ ಎರಡು ವರ್ಷ ತಲೆಗೂದಲ ಎಣ್ಣೆ ಮಾರಿಕೊಂಡಿದ್ದು ಊರಿಗೆ ಬಂದು ಏಳು ತಿಂಗಳಾಯಿತು. ಆಗಾಗ ಮಣಿಕಟ್ಟೋ ಮುಂಗೈಯೋ ಊದಿಕೊಂಡು ಕೆರೆತ ಬರುತ್ತದೆ, ಎರಡು ಮೂರು ದಿನಕ್ಕೆ ತಾನಾಗಿ ಇಳಿಯುತ್ತದೆ. ಹೋದ ವಾರ ಎಡಗಣ್ಣಿನ ಬಿಳಿಯಲ್ಲಿ ದಾರದಂಥ ಹುಳ ಹರಿದಾಡಿತು. ಫೋನಿನಲ್ಲಿ ವಿಡಿಯೊ ಇದೆ, ಆದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಅದು ಕಾಣಲಿಲ್ಲ. ರಕ್ತದಲ್ಲಿ ಈಸಿನೊಫಿಲ್ (ಅಲರ್ಜಿ, ಹುಳ ಇದ್ದಾಗ ಏರುವ ಬಿಳಿ ರಕ್ತಕಣ) 4,200 ಇದೆ. ಆನೆಕಾಲು ರೋಗದ ರಾತ್ರಿ ರಕ್ತಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬಂತು. ಒಬ್ಬರು ಆನೆಕಾಲಿಗೆ ಕೊಡುವ ಡಿಇಸಿ ಮಾತ್ರೆ ಮೂರು ವಾರ ಎನ್ನುತ್ತಾರೆ, ಇನ್ನೊಬ್ಬರು ಐವರ್ಮೆಕ್ಟಿನ್ ಎಂಬ ಹುಳದ ಮಾತ್ರೆ ಒಂದೇ ಸಲ ಸಾಕು ಎನ್ನುತ್ತಾರೆ. ಯಾವುದು ಸರಿ? ಕಣ್ಣು ಹೋಗುತ್ತದೆಯೇ? ಮನೆಯಲ್ಲಿ ಸಣ್ಣ ಮಕ್ಕಳೂ ಇದ್ದಾರೆ.

ಉತ್ತರ: ಸದ್ಯಕ್ಕೆ ಎರಡೂ ಮಾತ್ರೆ ಬೇಡ. ಮೊದಲು ಹಗಲು ಹೊತ್ತಿನಲ್ಲಿ ರಕ್ತ ತೆಗೆಸಿ, ಅದರಲ್ಲಿ ಹುಳದ ಮರಿಗಳು ಎಷ್ಟಿವೆ ಎಂದು ಎಣಿಸಿಸಿ. ಆ ಸಂಖ್ಯೆ ಕೈಗೆ ಬಂದಮೇಲೆ ಯಾವ ಮಾತ್ರೆ ಎಂಬುದನ್ನು ತೀರ್ಮಾನಿಸುವುದು ಕಷ್ಟವಲ್ಲ. ಅದಿಲ್ಲದೆ ಕೊಟ್ಟರೆ ಜೀವಕ್ಕೇ ಅಪಾಯವಾಗಬಹುದು. ಕಣ್ಣಿನ ವಿಷಯಕ್ಕೆ ಧೈರ್ಯವಾಗಿರಿ, ಈ ಹುಳ ಕಣ್ಣನ್ನು ಕೆಡಿಸುವುದು ಅಪರೂಪ. ಮಕ್ಕಳಿಗೂ ಅಂಟುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಬರುವ ಕಾಯಿಲೆ ಇದಲ್ಲ, ತಟ್ಟೆ, ಟವೆಲ್ಲು ಬೇರೆ ಮಾಡಬೇಕಾಗಿಲ್ಲ.

ನೀವು ಬರೆದಿರುವ ನಾಲ್ಕೂ ವಿಷಯ, ಅಂದರೆ ಗ್ಯಾಬೊನ್, ಬಂದು ಹೋಗುವ ಊತ, ಕಣ್ಣಿನ ಹುಳ, ಏರಿದ ಈಸಿನೊಫಿಲ್, ಒಂದೇ ಕಾಯಿಲೆಯ ಕಡೆ ಬೆರಳು ಮಾಡುತ್ತವೆ. ಅದರ ಹೆಸರು ಲೋಯಾಸಿಸ್, ಹುಳದ ಹೆಸರು ಲೋವಾ ಲೋವಾ. ಆನೆಕಾಲು ಹುಳದ ದಾಯಾದಿ. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡಿನ ದೇಶಗಳಲ್ಲಿ ಮಾತ್ರ ಇರುವಂಥದ್ದು: ಗ್ಯಾಬೊನ್, ಕ್ಯಾಮರೂನ್, ಎರಡು ಕಾಂಗೊಗಳು, ಈಕ್ವೆಟೋರಿಯಲ್ ಗಿನಿ, ಮಧ್ಯ ಆಫ್ರಿಕಾ ಗಣರಾಜ್ಯ, ಅಂಗೋಲ, ನೈಜೀರಿಯ ಇವುಗಳ ಕಾಡುಸೀಮೆ, ದಕ್ಷಿಣ ಸುಡಾನಿನ ಒಂದಿಷ್ಟು ಭಾಗ. ಹಕ್ಕಿಪಿಕ್ಕಿ ಸಮುದಾಯದವರು ವ್ಯಾಪಾರಕ್ಕೆ ಹೋಗುವ ಊರುಗಳಲ್ಲಿ ಇವೂ ಸೇರಿರುವುದರಿಂದ ದಾವಣಗೆರೆ, ಶಿವಮೊಗ್ಗ, ಹುಣಸೂರು ಕಡೆಯ ವೈದ್ಯರಿಗೆ ಈ ಹೆಸರು ಗೊತ್ತಿರುವುದು ಒಳ್ಳೆಯದು. ಹಾಗೆಂದು ಆಫ್ರಿಕಾದಿಂದ ಬಂದವರಿಗೆಲ್ಲ ಇದೇ ಎಂದುಕೊಳ್ಳಬಾರದು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಗಲಭೆಯಿಂದ ಪಾರಾಗಿ ಬಂದವರಲ್ಲಿ ಖಾರ್ಟೂಮ್‌ನಂಥ ಒಣ ಸೀಮೆಯಲ್ಲಷ್ಟೇ ಇದ್ದವರು ಈ ಹುಳಕ್ಕೆ ಹೆದರಬೇಕಾಗಿಲ್ಲ.

ಹುಳ ಮೈಸೇರುವುದು ಕ್ರೈಸಾಪ್ಸ್ ಎಂಬ ನೊಣದ ಕಡಿತದಿಂದ. ನಮ್ಮಲ್ಲಿ ದನದ ಮೈಗೆ ಕಚ್ಚಿ ರಕ್ತ ಸುರಿಸುವ ದಪ್ಪ ನೊಣಗಳ ಬಳಗಕ್ಕೇ ಸೇರಿದ್ದು. ಹಗಲಲ್ಲಿ ಕಚ್ಚುತ್ತದೆ, ಕಚ್ಚಿದರೆ ಚೆನ್ನಾಗಿ ನೋಯುತ್ತದೆ. ಕಾಡಂಚಿನಲ್ಲಿ, ರಬ್ಬರ್ ತೋಟಗಳಲ್ಲಿ, ಕೆಸರು ನೀರಿನ ಹತ್ತಿರ ಜಾಸ್ತಿ. ಸೌದೆ ಹೊಗೆ ಕಂಡರೆ ದೂರ ಹೋಗುವ ಬದಲು ಹತ್ತಿರಕ್ಕೇ ಬರುತ್ತದೆ. ಬಯಲಲ್ಲಿ ಒಲೆ ಹೂಡಿ ಎಣ್ಣೆ ಕಾಯಿಸುವವರು ಇದನ್ನು ಗಮನಿಸಬೇಕು. ಒಳಹೊಕ್ಕ ಮರಿ ಬೆಳೆದು ದೊಡ್ಡದಾಗಲು ಸುಮಾರು ಆರು ತಿಂಗಳು. ಹೆಣ್ಣು 4ರಿಂದ 7 ಸೆಂಟಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ದಪ್ಪ. ಚರ್ಮದ ಕೆಳಗಿನ ಪದರದಲ್ಲಿ ಸುತ್ತಾಡಿಕೊಂಡು 17 ವರ್ಷದವರೆಗೂ ಬದುಕಬಲ್ಲದು. ಹಾಗಾಗಿ ಊರಿಗೆ ಬಂದು ವರ್ಷಗಳಾದಮೇಲೆ ಮೊದಲ ಬಾರಿ ಕಾಣಿಸಿಕೊಂಡರೂ ಆಶ್ಚರ್ಯವಿಲ್ಲ.

ಮಣಿಕಟ್ಟಿನ ಊತಕ್ಕೆ ಕಲಬಾರ್ ಊತ ಎನ್ನುತ್ತಾರೆ, ನೈಜೀರಿಯದ ಕಲಬಾರ್ ಪಟ್ಟಣದ ಹೆಸರು. ಹುಳ ಹಾದುಹೋದ ಜಾಗದಲ್ಲಿ ಮೈ ತೋರುವ ಅಲರ್ಜಿ ಅದು. ಬೆರಳಲ್ಲಿ ಒತ್ತಿದರೆ ಗುಳಿ ಬೀಳುವುದಿಲ್ಲ, ಕೀವು ಇರುವುದಿಲ್ಲ, ಈ ಸಲ ಬಲಗೈ ಆದರೆ ಮುಂದಿನ ಸಲ ಕಾಲಿನ ಗಿಣ್ಣು. ಇದಕ್ಕೆ ಆಂಟಿಬಯೋಟಿಕ್ ಬರೆಸಿಕೊಂಡು, ಮೂರನೇ ದಿನ ತಾನಾಗಿ ಇಳಿದಾಗ ಮಾತ್ರೆ ಕೆಲಸ ಮಾಡಿತು ಎಂದುಕೊಳ್ಳುವುದು ಸಾಮಾನ್ಯ. ಆ ಸೀಮೆಯಲ್ಲೇ ಹುಟ್ಟಿ ಬೆಳೆದವರ ರಕ್ತದಲ್ಲಿ ಮರಿಗಳು ಲೆಕ್ಕವಿಲ್ಲದಷ್ಟಿದ್ದರೂ ಮೈ ಇಷ್ಟು ಗಲಾಟೆ ಮಾಡುವುದಿಲ್ಲ. ಹೊರಗಿನಿಂದ ಹೋದವರಲ್ಲಿ ಇದು ಉಲ್ಟಾ: ಊತ, ಕೆರೆತ, ಈಸಿನೊಫಿಲ್ ಎಲ್ಲ ಜೋರು, ರಕ್ತದಲ್ಲಿ ಮರಿಗಳು ಕಡಿಮೆ, ಎಷ್ಟೋ ಸಲ ಒಂದೂ ಸಿಗುವುದಿಲ್ಲ. ನಿಮ್ಮ ತಮ್ಮನದೂ ಹೀಗೇ ಇರುವ ಸಾಧ್ಯತೆ ಹೆಚ್ಚು. ಆದರೂ ಎರಡು ವರ್ಷ ಅಲ್ಲಿದ್ದವರ ವಿಷಯದಲ್ಲಿ ಇದನ್ನು ಊಹೆಗೆ ಬಿಡುವಂತಿಲ್ಲ.

ರಾತ್ರಿ ರಕ್ತಪರೀಕ್ಷೆ ಏಕೆ ಕೈಕೊಟ್ಟಿತು ಅಂದರೆ, ಆನೆಕಾಲು ಹುಳದ ಮರಿಗಳು ಸೊಳ್ಳೆ ಕಚ್ಚುವ ಹೊತ್ತಿಗೆ ತಕ್ಕಂತೆ ರಾತ್ರಿ 10ರಿಂದ 2ರವರೆಗೆ ಹೊರಮೈಯ ರಕ್ತಕ್ಕೆ ಬರುತ್ತವೆ. ಲೋವಾ ಮರಿಗಳಿಗೆ ನೊಣವೇ ಗಾಡಿ, ನೊಣ ಕಚ್ಚುವುದು ಹಗಲಲ್ಲಿ. ಅವು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ರಕ್ತದಲ್ಲಿ ತುಂಬಿಕೊಂಡು, ರಾತ್ರಿ ಶ್ವಾಸಕೋಶದ ನಾಳಗಳಿಗೆ ಸರಿದುಬಿಡುತ್ತವೆ. ರಾತ್ರಿ 11ಕ್ಕೆ ಎಚ್ಚರವಿದ್ದು ಕೊಟ್ಟ ರಕ್ತ ನಿಮ್ಮ ತಮ್ಮನ ಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದು ಮಾತು: ಅವರು ಬಂದು ಏಳು ತಿಂಗಳಾಗಿರುವುದರಿಂದ ನಮ್ಮ ಗಡಿಯಾರದ ಮಧ್ಯಾಹ್ನವೇ ಸರಿ. ಮೊನ್ನೆ ವಿಮಾನ ಇಳಿದವರಾದರೆ ಗ್ಯಾಬೊನ್‌ನ ಸಮಯ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿನ ಮಧ್ಯಾಹ್ನ ನಮ್ಮ ಸಂಜೆಗೆ ಬೀಳುತ್ತದೆ. ಹುಳಗಳ ಲಯ ಹೊಸ ಜಾಗಕ್ಕೆ ಹೊಂದಿಕೊಳ್ಳಲು ಕೆಲವು ದಿನ ಬೇಕು.

ಲ್ಯಾಬಿಗೆ ಹೋದಾಗ ಹೀಗೆ ಹೇಳಿ: ರಕ್ತ 12 ಗಂಟೆಯ ಆಸುಪಾಸಿನಲ್ಲಿ ತೆಗೆಯಬೇಕು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 5 ಮಿ.ಲೀ., ತೆಗೆದ ಸಮಯವನ್ನು ಟ್ಯೂಬಿನ ಮೇಲೆ ಬರೆಯಬೇಕು. ಮೊದಲು ಒಂದು ಹನಿ ತಾಜಾ ರಕ್ತವನ್ನು ಗಾಜಿನ ಮೇಲಿಟ್ಟು ಕವರ್‌ಸ್ಲಿಪ್ ಮುಚ್ಚಿ 10ರ ಲೆನ್ಸಿನಲ್ಲಿ ನೋಡಿದರೆ ಸಾಕು, ಮರಿಗಳಿದ್ದರೆ ಅವು ಕಾಣುವುದಕ್ಕೆ ಮುಂಚೆ ಅವುಗಳ ಗಲಾಟೆ ಕಾಣುತ್ತದೆ. ಸುಮ್ಮನೆ ಹರಡಿಕೊಂಡಿದ್ದ ಕೆಂಪು ಕಣಗಳು ಒಂದು ಕಡೆ ಇದ್ದಕ್ಕಿದ್ದಂತೆ ಅಲ್ಲಾಡುತ್ತವೆ, ನೋಡಿದರೆ ನಡುವೆ ಒಂದು ಗಾಜಿನೆಳೆ ಮಿಡುಕುತ್ತಿರುತ್ತದೆ. ಇದು ಇದೆಯೋ ಇಲ್ಲವೋ ಎಂಬುದಕ್ಕಾಯಿತು. ಎಣಿಕೆಗೆ ಅಳತೆ ಬೇಕು. ಪಿಪೆಟ್ಟಿನಲ್ಲಿ 50 ಮೈಕ್ರೊಲೀಟರ್ ಅಳೆದು ದಪ್ಪ ಲೇಪ ಹಾಕಿ, ಚೆನ್ನಾಗಿ ಒಣಗಿಸಿ, ನೀರಲ್ಲಿ ಕೆಂಪು ಹೋಗುವಂತೆ ಅದ್ದಿ, ಜೀಮ್ಸಾ ಬಣ್ಣ ಹಾಕಿ, ಲೇಪದ ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲ ಮರಿಗಳನ್ನೂ ಎಣಿಸಬೇಕು. ಬಂದ ಸಂಖ್ಯೆಯನ್ನು 20ರಿಂದ ಗುಣಿಸಿದರೆ ಒಂದು ಮಿ.ಲೀ.ನಲ್ಲಿ ಎಷ್ಟು ಎಂಬುದು ಸಿಗುತ್ತದೆ. 20 ಮೈಕ್ರೊಲೀಟರ್ ಬಳಸುವ ಲ್ಯಾಬ್ ಆದರೆ 50ರಿಂದ ಗುಣಿಸಬೇಕು. ಲೇಪ ಪೂರ್ತಿ ಒಣಗದೆ ನೀರಿಗಿಟ್ಟರೆ ಮರಿಗಳೂ ತೊಳೆದುಹೋಗಿ ಎಣಿಕೆ ಕಡಿಮೆ ಬರುತ್ತದೆ. ಇಲ್ಲಿ ಕಡಿಮೆ ಬರುವುದೇ ಅಪಾಯ. ‘ಮೈಕ್ರೊಫೈಲೇರಿಯಾ (ಅಂದರೆ ಮರಿ) ಕಂಡಿದೆ’ ಎಂದಷ್ಟೇ ಬರೆದ ವರದಿಯನ್ನು ಒಪ್ಪಿಕೊಂಡು ಬರಬೇಡಿ, ಸಂಖ್ಯೆ ಕೇಳಿ.

ಒಂದೂ ಕಾಣದಿದ್ದರೆ ರಕ್ತವನ್ನು ಸಾಂದ್ರಗೊಳಿಸಿ ನೋಡುವ ವಿಧಾನವಿದೆ: 1 ಮಿ.ಲೀ. ರಕ್ತವನ್ನು 9 ಮಿ.ಲೀ. ಶೇ 2ರ ಫಾರ್ಮಲಿನ್‌ಗೆ ಬೆರೆಸಿ, ಸೆಂಟ್ರಿಫ್ಯೂಜ್ ಮಾಡಿ, ತಳದಲ್ಲಿ ಕೂತದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೇರೆ ಬೇರೆ ದಿನ ಎರಡು ಮೂರು ಸಲ ಮಾಡಿಸಬೇಕು. ಆಗಲೂ ಸಿಗದಿದ್ದರೆ ಕಾಯಿಲೆ ಇಲ್ಲ ಎಂದಲ್ಲ. ಗ್ಯಾಬೊನ್‌ನಲ್ಲಿದ್ದು ಬಂದವರ ಕಣ್ಣಲ್ಲಿ ಹರಿದಾಡುವ ಹುಳದ ವಿಡಿಯೊಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಅದನ್ನು ಡಿಲೀಟ್ ಮಾಡದೆ ಇಟ್ಟುಕೊಳ್ಳಿ. ರಕ್ತದ ಎಣಿಕೆ ಬೇಕಾಗಿರುವುದು ಕಾಯಿಲೆ ಇದೆಯೇ ಎಂದು ತಿಳಿಯಲು ಅಷ್ಟಾಗಿ ಅಲ್ಲ, ಯಾವ ಮಾತ್ರೆ ಸುರಕ್ಷಿತ ಎಂದು ತಿಳಿಯಲು.

ಮರಿ ಸಿಕ್ಕರೆ ಅದರ ಜಾತಿ ಗುರುತಿಸುವುದು ಬಾಲದ ತುದಿಯಿಂದ. ಲೋವಾ ಮರಿಯ ಮೈಯೊಳಗಿನ ಚುಕ್ಕೆಗಳ ಸಾಲು ಬಾಲದ ತುದಿಯವರೆಗೂ ಬಿಡದೆ ಬರುತ್ತದೆ. ಆನೆಕಾಲಿನ ವುಚರೇರಿಯಾದ ಬಾಲದ ತುದಿ ಖಾಲಿ. ಆನೆಕಾಲು ತರುವ ಇನ್ನೊಂದು ಹುಳ ಬ್ರೂಜಿಯಾದಲ್ಲಿ ತುದಿಗೆ ಎರಡೇ ಬಿಡಿ ಚುಕ್ಕೆ. ಗ್ಯಾಬೊನ್‌ನಲ್ಲಿ ಮ್ಯಾನ್ಸೊನೆಲ್ಲಾ ಪರ್‌ಸ್ಟ್ಯಾನ್ಸ್ ಎಂಬ ಇನ್ನೊಂದು ಹುಳವೂ ಇದೆ. ಅದರಲ್ಲೂ ಚುಕ್ಕೆ ತುದಿಯವರೆಗಿರುತ್ತದೆ, ಆದರೆ ಮರಿ ಚಿಕ್ಕದು, ಬಾಲ ಮೊಂಡು, ಮೈಮೇಲೆ ಪೊರೆಯಿಲ್ಲ. ಲೋವಾದ ಪೊರೆ ಜೀಮ್ಸಾದಲ್ಲಿ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ಪೊರೆ ಕಾಣಲಿಲ್ಲ ಎಂದು ತಂತ್ರಜ್ಞರು ತಪ್ಪಿ ಮ್ಯಾನ್ಸೊನೆಲ್ಲಾ ಎಂದುಬಿಡಬಹುದು. ಅನುಮಾನ ಬಂದರೆ ಹೆಮಟಾಕ್ಸಿಲಿನ್ ಬಣ್ಣ ಹಾಕಿ ನೋಡಲಿ.

ಈಗ ಮಾತ್ರೆಯ ವಿಷಯ. ನಮ್ಮಲ್ಲಿ ಈಸಿನೊಫಿಲ್ ಸಾವಿರ ದಾಟಿತೆಂದರೆ ಕೈ ತಾನಾಗಿ ಡಿಇಸಿ ಬರೆಯುತ್ತದೆ. ಹೆಟ್ರಜಾನ್, ಬ್ಯಾನೊಸೈಡ್ ಎಂದು ಎಲ್ಲರಿಗೂ ಗೊತ್ತಿರುವ ಮಾತ್ರೆ ಅದೇ. ಇಲ್ಲಿಯೇ ಇದ್ದವರಲ್ಲಿ ಅದಕ್ಕೆ ಕಾರಣವೂ ಇದೆ: ಆನೆಕಾಲು ಹುಳದಿಂದ ಬರುವ ಕೆಮ್ಮು ಉಬ್ಬಸದ ಕಾಯಿಲೆಗೆ ಅದೇ ಮದ್ದು. ಕಲಬುರಗಿ, ಯಾದಗಿರಿ, ಬೀದರ್ ಕಡೆ ಆರೋಗ್ಯ ಇಲಾಖೆಯವರು ಮನೆಮನೆಗೆ ಬಂದು ನುಂಗಿಸುವುದೂ ಅದನ್ನೇ. ಐವರ್ಮೆಕ್ಟಿನ್ ಅಂತೂ ಕೋವಿಡ್ ಕಾಲದಿಂದ ಮನೆಯ ಡಬ್ಬಿಯಲ್ಲೇ ಇದೆ. ಎರಡೂ ಲೋವಾ ಮರಿಗಳನ್ನು ಬೇಗ ಹೊಡೆಯುತ್ತವೆ. ತೊಂದರೆ ಆ ‘ಬೇಗ’ದಲ್ಲೇ ಇದೆ. ಮಿ.ಲೀ.ಗೆ 8,000 ಮರಿಗಳಿದ್ದರೆ ಐದು ಲೀಟರ್ ರಕ್ತದಲ್ಲಿ ನಾಲ್ಕು ಕೋಟಿ ಆದವು. ಅಷ್ಟೂ ಒಟ್ಟಿಗೆ ಸತ್ತು ಸೆಟೆದು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡರೆ ಮಿದುಳು ಊದಿಕೊಳ್ಳುತ್ತದೆ. ಮಾತ್ರೆ ನುಂಗಿದ ಮೊದಲ ಕೆಲವು ದಿನಗಳಲ್ಲಿ ಸುಸ್ತು, ಮಾತು ತೊದಲು, ಗೊಂದಲ, ತಿಳಿಯದೆ ಮೂತ್ರ ಹೋಗುವುದು, ಆಮೇಲೆ ಪ್ರಜ್ಞೆ ತಪ್ಪುವುದು. ಐವರ್ಮೆಕ್ಟಿನ್‌ನಲ್ಲಿ ಈ ಗಂಡಾಂತರ ಮುಖ್ಯವಾಗಿ 30,000 ದಾಟಿದವರಲ್ಲಿ ಕಂಡಿದೆ. ಡಿಇಸಿಗೆ 8,000ವನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಸ್ಟೆರಾಯ್ಡ್ ಜೊತೆಗೆ ಕೊಟ್ಟರೆ ಕೆರೆತ, ಜ್ವರ ಕಡಿಮೆಯಾಗಬಹುದು, ಆದರೆ ಮಿದುಳಿನ ತೊಂದರೆಯನ್ನು ಅದು ತಡೆಯುತ್ತದೆಂದು ನಂಬಿಕೊಳ್ಳುವಂತಿಲ್ಲ.

ಆಫ್ರಿಕಾದಲ್ಲೇ ಇದು ಎಷ್ಟು ದೊಡ್ಡ ತಲೆನೋವು ಎಂದರೆ, ನದಿಕುರುಡು ರೋಗಕ್ಕೆ (ಇನ್ನೊಂದು ಹುಳದಿಂದ ಕಣ್ಣು ಹೋಗುವ ಕಾಯಿಲೆ) ಐವರ್ಮೆಕ್ಟಿನ್ ಹಂಚುವಾಗ ಲೋವಾ ಇರುವ ಕಡೆ ತೀವ್ರ ಅಡ್ಡಪರಿಣಾಮ, ಸಾವು ಸಂಭವಿಸಿ ಹಂಚಿಕೆಯೇ ನಿಂತ ಜಾಗಗಳಿವೆ. 2015ರಲ್ಲಿ ಕ್ಯಾಮರೂನಿನ ಒಕೋಲ ಜಿಲ್ಲೆಯಲ್ಲಿ ಫೋನಿಗೆ ಜೋಡಿಸಿದ ಲೋವಾಸ್ಕೋಪ್ ಎಂಬ ಪುಟ್ಟ ಸೂಕ್ಷ್ಮದರ್ಶಕದಿಂದ ಪ್ರತಿಯೊಬ್ಬರ ಬೆರಳ ರಕ್ತ ನೋಡಿ, 20,000 ದಾಟಿದವರನ್ನು ಬಿಟ್ಟು ಉಳಿದವರಿಗಷ್ಟೇ ಮಾತ್ರೆ ಕೊಟ್ಟರು. ಸಾವಿರಾರು ಜನರಿಗೆ ಹಂಚುವಾಗಲೇ ಒಬ್ಬೊಬ್ಬರ ರಕ್ತ ಎಣಿಸಲು ಸಾಧ್ಯವಾದರೆ ಒಬ್ಬ ರೋಗಿಗೆ ಎಣಿಸದಿರಲು ನೆಪವಿಲ್ಲ.

ಇನ್ನು ಎರಡು ಬಲೆಗಳನ್ನು ಹೇಳಿಬಿಡುತ್ತೇನೆ. ರಾತ್ರಿ ಏಳುವ ತಾಪತ್ರಯ ಬೇಡವೆಂದು 100 ಮಿ.ಗ್ರಾಂ. ಡಿಇಸಿ ಕೊಟ್ಟು, ಮುಕ್ಕಾಲು ಗಂಟೆ ಬಿಟ್ಟು ಹಗಲಲ್ಲೇ ರಕ್ತ ತೆಗೆಯುವ ಆನೆಕಾಲು ಪರೀಕ್ಷೆಯೊಂದಿದೆ. ಲೋವಾ ಅನುಮಾನವಿದ್ದವರಿಗೆ ಅದು ಕೂಡದು. ಎರಡನೆಯದು ಆನೆಕಾಲಿನ ಸ್ಟ್ರಿಪ್ ಪರೀಕ್ಷೆ. ಲೋವಾ ಮರಿಗಳು ಹೆಚ್ಚಿದ್ದಾಗ ಅದು ಸುಳ್ಳು ಪಾಸಿಟಿವ್ ತೋರಿಸಬಲ್ಲದು. ‘ಆನೆಕಾಲು ಇದೆ, ಡಿಇಸಿ ಕೊಡಿ’ ಎಂಬ ಚೀಟಿ ಯಾರಿಗೆ ಅತಿ ಅಪಾಯವೋ ಅವರ ಕೈಗೇ ಬರುವುದು ಹೀಗೆ.

ಚಿಕಿತ್ಸೆಗೆ ಮುಂಚೆ ಇನ್ನೊಂದು ಕೆಲಸ ಉಳಿದಿದೆ. ನದಿಕುರುಡು, ಅಂದರೆ ಆಂಕೊಸರ್ಕಿಯಾಸಿಸ್, ಜೊತೆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದಿರುವವರಿಗೆ ಡಿಇಸಿ ಕೊಟ್ಟರೆ ಚರ್ಮದಲ್ಲೂ ಕಣ್ಣಲ್ಲೂ ಇರುವ ಮರಿಗಳು ಒಮ್ಮೆಲೇ ಸತ್ತು ದೃಷ್ಟಿಗೇ ಕುತ್ತು. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಕಣ್ಣಿನ ಮುಂಗೋಣೆ ನೋಡಲಿ. ಚರ್ಮದ ಡಾಕ್ಟರು ಸೊಂಟದ ಎರಡೂ ಬದಿಯಿಂದ ಅಕ್ಕಿಕಾಳಿಗಿಂತ ಚಿಕ್ಕ ಚರ್ಮದ ಚೂರು ತೆಗೆದು ಸಲೈನಿನಲ್ಲಿಟ್ಟು ಮರಿಗಳು ಹೊರಬರುತ್ತವೆಯೇ ನೋಡಲಿ. ಜೊತೆಗೆ ಮೂತ್ರಪರೀಕ್ಷೆ (ಲೋಯಾಸಿಸ್‌ನಲ್ಲಿ ಮೂತ್ರದಲ್ಲಿ ಪ್ರೋಟೀನ್, ರಕ್ತ ಹೋಗುವುದುಂಟು), ಕ್ರಿಯೇಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಲಿವರ್ ಪರೀಕ್ಷೆ, ಹೃದಯದ ಎಕೋ. ನಡುವೆ ಜ್ವರ ಬಂದರೆ ಇದೆಲ್ಲ ಬದಿಗಿಟ್ಟು ಅದೇ ದಿನ ಮಲೇರಿಯಾ ನೋಡಿಸಿ.

ಎಣಿಕೆ 8,000ಕ್ಕಿಂತ ಕಡಿಮೆ, ನದಿಕುರುಡು ಇಲ್ಲ ಎಂದಾದರೆ ಡಿಇಸಿಯೇ ಮದ್ದು. 50 ಮೈಕ್ರೊಲೀಟರ್ ಲೇಪದ ಲೆಕ್ಕದಲ್ಲಿ 400 ಮರಿ ಎಂದರೆ 8,000. ಪೂರ್ಣ ಪ್ರಮಾಣ ದಿನಕ್ಕೆ ಕೆ.ಜಿ.ಗೆ 8ರಿಂದ 10 ಮಿ.ಗ್ರಾಂ., ಮೂರು ಭಾಗ ಮಾಡಿ, ಒಟ್ಟು 21 ದಿನ. ಮೊದಲ ದಿನದಿಂದಲೇ ಅಷ್ಟು ಕೊಡುವುದಿಲ್ಲ. ಮೊದಲ ದಿನ ಊಟವಾದಮೇಲೆ 50 ಮಿ.ಗ್ರಾಂ. ಒಂದೇ ಸಲ, ಎರಡನೇ ದಿನ 50ರಂತೆ ಮೂರು ಸಲ, ಮೂರನೇ ದಿನ 100ರಂತೆ ಮೂರು ಸಲ, ನಾಲ್ಕನೇ ದಿನದಿಂದ ಪೂರ್ಣ. ನಿಮ್ಮ ತಮ್ಮನ ತೂಕಕ್ಕೆ ಅದು 100ರ ಮಾತ್ರೆ ದಿನಕ್ಕೆ ಐದರಿಂದ ಆರು. ರಕ್ತದಲ್ಲಿ ಮರಿಗಳು ಕಂಡಿದ್ದರೆ ಮೊದಲ ಮೂರು ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದು, ಅಲರ್ಜಿ ಮಾತ್ರೆ, ಬೇಕಾದರೆ ಸ್ಟೆರಾಯ್ಡ್ ಜೊತೆಗಿಟ್ಟುಕೊಂಡು ಶುರು ಮಾಡುವುದು ಸರಿ. ಜ್ವರ, ಕೀಲುನೋವು, ಮೈಯೆಲ್ಲ ಕೆರೆತ, ಕಲಬಾರ್ ಊತ ಮತ್ತೆ ಏಳುವುದು ನಿರೀಕ್ಷಿತ. ಕೆಲವರಿಗೆ ತೋಳಿನಲ್ಲೋ ಹೊಟ್ಟೆಯ ಮೇಲೋ ದಾರದ ಸುರುಳಿಯಂಥ ಸಣ್ಣ ಗಂಟು ಏಳುತ್ತದೆ. ಅದು ಚರ್ಮದಡಿ ಸಾಯುತ್ತಿರುವ ದೊಡ್ಡ ಹುಳ, ಮದ್ದು ಹತ್ತಿದ ಗುರುತು. ಇದಕ್ಕೆಲ್ಲ ಹೆದರಿ ಮಾತ್ರೆ ನಿಲ್ಲಿಸಬೇಡಿ. ತಲೆನೋವು ಏರುತ್ತಾ ಹೋದರೆ, ಮಾತು ನಡೆ ಬದಲಾದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಎಣಿಕೆ 8,000 ಅಥವಾ ಹೆಚ್ಚಿದ್ದರೆ ಆಲ್ಬೆಂಡಜೋಲ್ 200 ಮಿ.ಗ್ರಾಂ. ದಿನಕ್ಕೆರಡು ಸಲ, 21 ದಿನ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಜಂತಿನ ಮಾತ್ರೆಯೇ, ಒಂದೇ ಸಲದ ಬದಲು ಮೂರು ವಾರ. ತುಪ್ಪ ಎಣ್ಣೆ ಇರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಇದು ಮುಖ್ಯವಾಗಿ ದೊಡ್ಡ ಹುಳಗಳ ಮೇಲೆ ಕೆಲಸ ಮಾಡುವುದರಿಂದ ಮರಿಗಳ ಸಂಖ್ಯೆ ತಿಂಗಳುಗಟ್ಟಲೆ ಹಿಡಿದು ಮೆಲ್ಲಗೆ ಇಳಿಯುತ್ತದೆ, ಆ ನಿಧಾನವೇ ನಮಗೆ ಬೇಕಾದ್ದು. 8,000ಕ್ಕಿಂತ ಕೆಳಗಿಳಿದ ಮೇಲೆ ಡಿಇಸಿ. ದೊಡ್ಡ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ ತೆಗೆಯುವ ಅಫರೆಸಿಸ್ ಯಂತ್ರದಿಂದ ಮರಿಗಳನ್ನೇ ಸೋಸಿ ಸಂಖ್ಯೆ ಇಳಿಸುವ ದಾರಿಯೂ ಇದೆ. ಡಾಕ್ಸಿಸೈಕ್ಲಿನ್ ಕೊಡೋಣ ಎಂದು ಯಾರಾದರೂ ಹೇಳಿದರೆ, ಆನೆಕಾಲು ಮತ್ತು ನದಿಕುರುಡಿನ ಹುಳಗಳೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇರುವುದರಿಂದ ಅಲ್ಲಿ ಅದು ಕೆಲಸ ಮಾಡುತ್ತದೆ. ಲೋವಾದೊಳಗೆ ಆ ಬ್ಯಾಕ್ಟೀರಿಯಾ ಇಲ್ಲ, ಮಾತ್ರೆ ದಂಡ.

ಹುಳ ಮತ್ತೆ ಕಣ್ಣಿಗೆ ಬಂದರೆ ಉಜ್ಜಬೇಡಿ. ಅದು ಅಲ್ಲಿರುವುದು ಕೆಲವು ನಿಮಿಷವೋ ಗಂಟೆಯೋ, ಅಪರೂಪಕ್ಕೆ ದಿನಗಟ್ಟಲೆ. ಮೊದಲೇ ಕಣ್ಣಾಸ್ಪತ್ರೆಯೊಂದಕ್ಕೆ ವಿಷಯ ತಿಳಿಸಿಟ್ಟಿದ್ದರೆ ಬಂದ ತಕ್ಷಣ ಓಡಬಹುದು. ಮರಗಟ್ಟಿಸುವ ಹನಿ ಹಾಕಿ, ಕಣ್ಣಿನ ಬಿಳಿಯನ್ನು ಮುಚ್ಚಿರುವ ತೆಳುಪೊರೆಯ ಮೇಲಿಂದಲೇ ಹುಳವನ್ನು ಚಿಮುಟದಲ್ಲಿ ಹಿಡಿದು, ಪಕ್ಕದಲ್ಲಿ ಸಣ್ಣ ಗೀರು ಹಾಕಿ ಎಳೆಯುತ್ತಾರೆ. ಹಿಡಿಯದೆ ಗೀರಿದರೆ ಹುಳ ಹಿಂದಕ್ಕೆ ಸರಿದುಬಿಡುತ್ತದೆ. 1770ರಲ್ಲಿ ಸ್ಯಾಂಟೊ ಡೊಮಿಂಗೊದಲ್ಲಿ ಮೋಂಗಿನ್ ಎಂಬ ಫ್ರೆಂಚ್ ಶಸ್ತ್ರವೈದ್ಯ ಮೊದಲ ಬಾರಿ ಈ ಹುಳವನ್ನು ತೆಗೆಯಹೋದಾಗಲೂ ಅದು ತಪ್ಪಿಸಿಕೊಂಡಿತ್ತು. ತೆಗೆದ ಹುಳವನ್ನು ಬಿಸಾಡಬಾರದು, ಶೇ 70ರ ಆಲ್ಕೋಹಾಲಿನಲ್ಲಿಟ್ಟು ಪರಾವಲಂಬಿ ವಿಭಾಗಕ್ಕೆ ಕಳಿಸಬೇಕು. ಕೇರಳ ಮತ್ತು ನಮ್ಮ ಕರಾವಳಿಯಲ್ಲಿ ವಿದೇಶ ನೋಡದವರ ಕಣ್ಣಲ್ಲೂ ಹುಳ ಸಿಗುತ್ತದೆ, ಅದು ಸಾಮಾನ್ಯವಾಗಿ ನಾಯಿಯಿಂದ ಸೊಳ್ಳೆಯ ಮೂಲಕ ಬರುವ ಡೈರೊಫೈಲೇರಿಯಾ. ಅದರ ಹೊರಮೈಯಲ್ಲಿ ಉದ್ದುದ್ದ ಗೆರೆ ಏಣುಗಳು, ಲೋವಾದ ಮೈಮೇಲೆ ಅಲ್ಲಲ್ಲಿ ಚದುರಿದ ಗುಂಡು ಬೊಕ್ಕೆಗಳು. ಡೈರೊಫೈಲೇರಿಯಾ ಆದರೆ ಹುಳ ತೆಗೆದಲ್ಲಿಗೆ ಕೆಲಸ ಮುಗಿಯಿತು. ಲೋವಾ ಆದರೆ ಕಣ್ಣಿಗೆ ಬಂದದ್ದು ಒಂದು, ಒಳಗಿರುವವು ಇನ್ನೆಷ್ಟೋ. ಮಾತ್ರೆ ಬೇಕೇ ಬೇಕು.

ಮಾತ್ರೆ ಮುಗಿದು ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಈಸಿನೊಫಿಲ್ ಮತ್ತು ಮಧ್ಯಾಹ್ನದ ರಕ್ತ ನೋಡಿಸಿ. ಊತ ಮತ್ತೆ ಬಂದರೆ ಅಥವಾ ಈಸಿನೊಫಿಲ್ ಮತ್ತೆ ಏರಿದರೆ ಎರಡನೇ ಸುತ್ತು ಡಿಇಸಿ ಬೇಕಾಗುತ್ತದೆ, ಒಂದು ಸುತ್ತಿಗೆ ಎಲ್ಲರೂ ಗುಣವಾಗುವುದಿಲ್ಲ. ವರ್ಷಗಳ ಮೇಲೆ ಮರುಕಳಿಸಿದ್ದೂ ಉಂಟು. ತಮ್ಮನ ಜೊತೆ ಗ್ಯಾಬೊನ್‌ಗೆ ಹೋಗಿ ಬಂದವರು ಆರಾಮಾಗಿದ್ದರೂ ಒಂದು ಸಲ ಹೀಗೇ ಹಗಲಿನ ರಕ್ತ ಕೊಡಲಿ, ಅಲ್ಲಿಯವರೆಗೆ ಯಾವ ನೆಪಕ್ಕೂ ಐವರ್ಮೆಕ್ಟಿನ್, ಡಿಇಸಿ ಬೇಡ. ಆನೆಕಾಲು ಮಾತ್ರೆ ಹಂಚುವವರು ಬಂದರೆ ಗ್ಯಾಬೊನ್‌ನಲ್ಲಿದ್ದು ಬಂದದ್ದನ್ನು ಹೇಳಿ. ತಮ್ಮ ಮತ್ತೆ ಅಲ್ಲಿಗೇ ಹೊರಡುವುದಾದರೆ, ಗುಣವಾದ ಮೇಲೆ, ರಕ್ತ ಖಾಲಿ ಎಂದು ಖಚಿತವಾದ ಮೇಲೆ, ವಾರಕ್ಕೊಮ್ಮೆ 300 ಮಿ.ಗ್ರಾಂ. ಡಿಇಸಿ ತೆಗೆದುಕೊಂಡರೆ ಹೊಸ ಹುಳ ನಿಲ್ಲದಂತೆ ತಡೆಯಬಹುದು. ಹಗಲಲ್ಲಿ ತುಂಬುತೋಳಿನ ಅಂಗಿ, ಪ್ಯಾಂಟು, ಬಟ್ಟೆಗೆ ಪರ್ಮೆಥ್ರಿನ್ ಎಂಬ ಕೀಟನಾಶಕ. ಎಣ್ಣೆ ಕಾಯಿಸುವ ಒಲೆ ಕಾಡಂಚಿನಿಂದ ಆದಷ್ಟು ದೂರವಿರಲಿ.